ಕಲ್ಲು, ಓಲೆ, ಅಚ್ಚು, ಪರದೆ: ಗ್ರಂಥವನ್ನು ಉಳಿಸುವವರು ಯಾರು?

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಕಡೆಯ ಒಂದು ಕ್ರೈಸ್ತ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಎರಡು ಪುಸ್ತಕಗಳು ಒಂದೇ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದವು. ಮೊದಲನೆಯದು ಅಜ್ಜಿಯ ಟ್ರಂಕಿನಿಂದ ಹೊರಬಂದ, ಚಿತ್ರಗಳುಳ್ಳ ಬೈಬಲ್ ಕಥೆಗಳ ಕಿರುಹೊತ್ತಗೆ. ಅದಕ್ಕೆ ರಕ್ಷಾಪುಟವಿರಲಿಲ್ಲ, ಅಚ್ಚು ಹಾಕಿಸಿದವರಾರು, ಯಾವ ವರ್ಷದಲ್ಲಿ ಎಂಬುದನ್ನು ತಿಳಿಯುವ ಬಗೆಯಿರಲಿಲ್ಲ. ಕೊನೆಯ ಪುಟಗಳೂ ಹರಿದುಹೋಗಿದ್ದವು. ಶಿಲುಬೆಯ ಚಿತ್ರದೊಡನೆ ಪುಸ್ತಕ ಮುಗಿಯುತ್ತಿತ್ತು. ಪುನರುತ್ಥಾನದ ಪುಟಗಳೇ ಇರಲಿಲ್ಲ. ಎರಡನೆಯದು ಮೊಮ್ಮಗಳ ಕೈಯಲ್ಲಿದ್ದ ಮೊಬೈಲಿನಲ್ಲಿದ್ದ, ಅಥವಾ ಇದ್ದಿತೆಂದು ಅವಳು ಹೇಳಿದ, ಪುಸ್ತಕ. ಬಣ್ಣದ ಚಿತ್ರಗಳು, ಕಥೆಯನ್ನು ಓದಿ ಹೇಳುವ ಧ್ವನಿ, ಬೆರಳು ತಾಗಿದರೆ ತೆರೆದುಕೊಳ್ಳುವ ನೋಹನ ನಾವೆಯ ಬಾಗಿಲು, ಎಲ್ಲವೂ ಅದರಲ್ಲಿದ್ದವಂತೆ. ತಂದೆ ಹೊಸ ಮೊಬೈಲ್ ಕೊಂಡಮೇಲೆ ಅದು ಮತ್ತೆ ಸಿಗಲಿಲ್ಲ. ಹುಡುಕಿ ಕೊಡಲು ನಾನೂ ಯತ್ನಿಸಿದೆ. ಅದರ ಹೆಸರು ಮಾತ್ರ ಕೆಲವು ಕಡೆ ಕಂಡಿತು.

ಕಾಗದ ಉಳಿಯಿತು, ಪರದೆ ಉಳಿಯಲಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿಬಿಡುವುದು ಸುಲಭ. ನಮ್ಮ ಗುರುಮಠಗಳಲ್ಲಿ ಹಿರಿಯರು ಹಾಗೆಯೇ ಹೇಳುತ್ತಾರೆ. ಕಿರಿಯರು ಅದಕ್ಕೆ ವಿರುದ್ಧವಾಗಿ, ಇನ್ನು ಮುಂದೆ ಎಲ್ಲವೂ ಅಂತರಜಾಲದಲ್ಲಿ ಭದ್ರ, ಕಪಾಟುಗಳ ಕಾಲ ಮುಗಿಯಿತು ಎನ್ನುತ್ತಾರೆ. ಈ ಎರಡು ಮಾತುಗಳ ಹಿಂದೆಯೂ ಒಂದೇ ನಂಬಿಕೆಯಿದೆ: ಗ್ರಂಥದ ಆಯುಷ್ಯ ಅದು ಯಾವ ಪದಾರ್ಥದ ಮೇಲೆ ಬರೆಯಲ್ಪಟ್ಟಿದೆ ಎಂಬುದನ್ನು ಅವಲಂಬಿಸಿದೆ ಎಂಬ ನಂಬಿಕೆ. ಕನ್ನಡ ನೆಲದಲ್ಲಿ ಬರವಣಿಗೆಯು ಕಂಡ ಇತಿಹಾಸವನ್ನು, ಅದರಲ್ಲಿಯೂ ಕ್ರೈಸ್ತ ಗ್ರಂಥಗಳ ಇತಿಹಾಸವನ್ನು, ಪರಿಶೀಲಿಸಿದಾಗ ಈ ನಂಬಿಕೆ ನಿಲ್ಲುವುದಿಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕಲ್ಲು ಉಳಿಯಿತು, ಓದು ಅಳಿಯಿತು

ಹೊರಕೆರೆದೇವಪುರವಿರುವ ಚಿತ್ರದುರ್ಗ ಜಿಲ್ಲೆಯೇ ಈ ವಿಚಾರಕ್ಕೆ ಮೊದಲ ಸಾಕ್ಷಿ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಕಾಲದ, ಅಂದರೆ ಕ್ರಿಸ್ತಪೂರ್ವ 3ನೆಯ ಶತಮಾನದ, ಶಾಸನಗಳಿವೆ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ಎಂಬುವನು ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ಅವನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದ. ದೂರದ ನಾಡಿನ ವಿದ್ಯೆಯನ್ನು ಬಲ್ಲವನು ಇಲ್ಲಿಯ ಬಂಡೆಯ ಮೇಲೆ ಇಟ್ಟ ಸಣ್ಣ ಗುರುತು ಅದು.

ಬಂಡೆಗಿಂತ ಗಟ್ಟಿಯಾದ ಪುಸ್ತಕವಿಲ್ಲ. ಆದರೂ ಶತಮಾನಗಳ ಕಾಲ ಆ ಬಂಡೆಯ ಪಕ್ಕದಲ್ಲಿ ಕುರಿ ಕಾಯ್ದವರು, ಹೊಲ ಉತ್ತವರು ಯಾರೂ ಅದನ್ನು ಓದಲಾರದೆ ಹೋದರು. ಅಕ್ಷರ ಅಳಿಯಲಿಲ್ಲ, ಅಕ್ಷರವನ್ನು ಕಲಿಸುವ ಸರಪಳಿ ಕಡಿದಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿದನು, 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗದ ಈ ಶಾಸನಗಳನ್ನು ಬೆಳಕಿಗೆ ತಂದರು. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಬಂಡೆಯು ತಾನೇ ಮಾತನಾಡಲಿಲ್ಲ. ಯಾರೋ ಮತ್ತೆ ಓದಲು ಕಲಿತು, ಕಾಗದಕ್ಕೆ ಪಡಿಯೆತ್ತಿದ ಮೇಲೆಯೇ ಅದು ಗ್ರಂಥವಾಯಿತು. ನಾವು ಸದ್ಯದಲ್ಲಿಯೇ ನೋಡಲಿರುವ ಹಳೆಯ ಕಂಪ್ಯೂಟರ್ ಕಡತಗಳ ಕಥೆಯೂ ಇದೇ ಜಾತಿಯದು: ಕಡತ ಇದೆ, ಆದರೆ ಓದಲು ಬಾರದು.

ಅಚ್ಚಾದದ್ದು ಹೋಯಿತು, ಕೈಬರಹ ಉಳಿಯಿತು

ಎರಡನೆಯ ಸಾಕ್ಷಿ ಕರಾವಳಿಯದು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಅವರು ರಚಿಸಿದ ‘ಕ್ರಿಸ್ತಪುರಾಣ’ವನ್ನು ನಮ್ಮ ವಾಚಕರು ಬಲ್ಲರು. ಮರಾಠಿ ಸಾಹಿತ್ಯ ಭಾಷೆಯಲ್ಲಿ, ಕೊಂಕಣಿಯ ಬೆರಕೆಯೊಡನೆ, ಓವೀ ಛಂದಸ್ಸಿನಲ್ಲಿ ರಚಿತವಾದ ಸುಮಾರು 11,000 ಪದ್ಯಗಳ ಈ ಕೃತಿಯು 1616ರಲ್ಲಿ, ಅನಂತರ 1649 ಮತ್ತು 1654ರಲ್ಲಿ, ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಅಚ್ಚು ಎಂದರೆ ಆಗಿನ ಹೊಸ ತಂತ್ರಜ್ಞಾನ. ಒಂದೇ ಪಠ್ಯದ ನೂರಾರು ಪ್ರತಿಗಳು ಏಕಕಾಲದಲ್ಲಿ ಹೊರಬರುವಾಗ ಗ್ರಂಥ ಇನ್ನೆಂದಿಗೂ ನಾಶವಾಗದು ಎಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಮೂರು ಮುದ್ರಣಗಳಲ್ಲಿ ಒಂದರ ಒಂದು ಪ್ರತಿಯೂ ಇಂದು ಉಳಿದಿರುವುದು ತಿಳಿದಿಲ್ಲ. 1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತವು ಸ್ಥಳೀಯ ಭಾಷೆಯ ಬಳಕೆಯ ವಿರುದ್ಧ ಆಜ್ಞೆ ಹೊರಡಿಸಿತು. ಗ್ರಂಥದ ತವರಿನಲ್ಲಿಯೇ ಅದಕ್ಕೆ ನೆಲೆ ತಪ್ಪಿತು.

ಹಾಗಾದರೆ ಇಂದು ನಾವು ಕ್ರಿಸ್ತಪುರಾಣವನ್ನು ಓದುವುದು ಹೇಗೆ? ಕೈಯಿಂದ ಪ್ರತಿಮಾಡಿಕೊಂಡವರಿದ್ದರು. ಗೋವೆಯಿಂದ ಕೆನರಾ ಸೀಮೆಗೆ ವಲಸೆ ಬಂದ ಕ್ರೈಸ್ತರ ನಡುವೆ ಈ ಪುರಾಣದ ಹಸ್ತಪ್ರತಿಗಳು ಉಳಿದುಬಂದವು. ಅಂಥ ಪ್ರತಿಗಳನ್ನು ತಾಳೆನೋಡಿ ಜೋಸೆಫ್ ಎಲ್. ಸಲ್ದಾನ್ಹ ಅವರು 1907ರಲ್ಲಿ ಮಂಗಳೂರಿನಲ್ಲಿ ಗ್ರಂಥವನ್ನು ಮತ್ತೆ ಅಚ್ಚು ಮಾಡಿಸಿದರು. ಹೊಸ ತಂತ್ರಜ್ಞಾನದ ಪ್ರತಿಗಳು ಸಂಪೂರ್ಣವಾಗಿ ಕಣ್ಮರೆಯಾದುವು; ಹಳೆಯ ವಿಧಾನದ ಪ್ರತಿಗಳು ಅದನ್ನು 250 ವರ್ಷ ದಾಟಿಸಿ ತಂದವು. ಇದಕ್ಕೆ ಕೈಬರಹವು ಅಚ್ಚಿಗಿಂತ ಬಾಳಿಕೆಯದು ಎಂಬುದು ಕಾರಣವಲ್ಲ. ಆ ಪದ್ಯಗಳನ್ನು ಹಾಡುವ, ಕೇಳುವ, ಅದಕ್ಕಾಗಿ ಪ್ರತಿಮಾಡಿಕೊಳ್ಳುವ ಜನರಿದ್ದರು ಎಂಬುದೇ ಕಾರಣ.

ಅಂಥ ಜನ ಇಲ್ಲದೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ನಿದರ್ಶನವಿದೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಅವರು ಕನ್ನಡದಲ್ಲಿ ಧರ್ಮೋಪದೇಶವನ್ನೂ ಕನ್ನಡಕ್ಕೆ ವ್ಯಾಕರಣ, ಪದಕೋಶಗಳನ್ನೂ ಬರೆದರೆಂದು ಮಿಷನ್ನಿನ ದಾಖಲೆಗಳಿಂದ ತಿಳಿಯುತ್ತದೆ. ಕನ್ನಡ ದೈವಶಾಸ್ತ್ರದ ಮೊದಲ ಪರಿಭಾಷೆ ಹುಟ್ಟಿದ್ದು ಅಲ್ಲಿ. ಆದರೆ ಅದು ತನ್ನ ಕಾಲದಲ್ಲಿ ಅಚ್ಚಾಗಿ ಜನರ ಕೈಸೇರಲಿಲ್ಲ. 1773ರಲ್ಲಿ ಯೇಸುಸಭೆಯೇ ವಿಸರ್ಜಿಸಲ್ಪಟ್ಟಿತು. ಪ್ರತಿಮಾಡುವ ಕೈಗಳು ಚದುರಿದುವು. ಮುಂದೆ ಬಂದವರು ಅನೇಕ ಪದಗಳನ್ನು ಹೊಸದಾಗಿ ಹುಡುಕಬೇಕಾಯಿತು.

ಬೆಂಕಿಯಲ್ಲಿ ಉಳಿದದ್ದು

ಅಚ್ಚಿನ ಯುಗದ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಅದು ಯಾವುದನ್ನು ಮೊದಲು ಕಾಯಬೇಕು ಎಂಬುದನ್ನು ಕಲಿಸುತ್ತದೆ. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನ್ನಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದದ ದಾಸ್ತಾನು, ಭಾರತದ ಹಲವು ಲಿಪಿಗಳ ಸೀಸದ ಮೊಳೆಗಳು, ವಿಲಿಯಂ ಕೇರಿ ಅವರು ವರ್ಷಗಳಿಂದ ಸಿದ್ಧಪಡಿಸಿದ್ದ ಹಸ್ತಪ್ರತಿಗಳು ಸುಟ್ಟುಹೋದುವು. ಆದರೆ ಅಕ್ಷರಗಳನ್ನು ಕೊರೆದಿದ್ದ ಉಕ್ಕಿನ ಮೂಲ ಅಚ್ಚುಗಳು ಬೂದಿಯ ಅಡಿಯಲ್ಲಿ ಉಳಿದಿದ್ದವು. ಕರಗಿದ ಸೀಸವನ್ನೇ ಬಳಸಿ ಕೆಲವೇ ವಾರಗಳಲ್ಲಿ ಮೊಳೆಗಳನ್ನು ಮತ್ತೆ ಎರಕ ಹೊಯ್ಯಲು ತೊಡಗಿದರು. ಅದೇ ಸೆರಾಂಪುರದಿಂದ 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಹೊರಬಂದಿತು. ಮೊಳೆ ಹೋದರೆ ಮತ್ತೆ ಎರೆಯಬಹುದು; ಮೂಲ ಅಚ್ಚು ಹೋದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಕೇರಿಯವರ ಹಸ್ತಪ್ರತಿಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ. ಅವನ್ನು ಯಾವ ಎರಕವೂ ಹಿಂದಕ್ಕೆ ತರಲಿಲ್ಲ.

ಕನ್ನಡದ ಮಟ್ಟಿಗೆ ಚಿತ್ರ ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಪಡೆದ ತಂತ್ರ ಮಂಗಳೂರಿನ ಕಲ್ಲಚ್ಚು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆದರು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನಯವಾದ ಸುಣ್ಣಕಲ್ಲಿಗೆ ಇಳಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ ಬರಹವಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅಲ್ಲಿಂದ ಕಾಗದಕ್ಕೆ ಅಚ್ಚೊತ್ತಬಹುದು. ಮೊಳೆ ಬೇಡ, ಲೇಖಕನ ಕೈಬರಹವೇ ಪುಟವಾಗುತ್ತದೆ, ಚಿತ್ರಕ್ಕೂ ಅಕ್ಷರಕ್ಕೂ ಕಲ್ಲು ಭೇದ ಮಾಡುವುದಿಲ್ಲ. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೀಗೆ ಅಚ್ಚಾಯಿತು. ಮುಂದೆ ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದುವು. ಓಲೆಗರಿಯಲ್ಲಿದ್ದ ಪರಮತದ ಗ್ರಂಥಗಳನ್ನು ಒಬ್ಬ ಕ್ರೈಸ್ತ ಪಾದ್ರಿ ಅಚ್ಚಿಗೆ ದಾಟಿಸಿದರು ಎಂಬುದು ನಮ್ಮ ಚರಿತ್ರೆಯ ಅಭಿಮಾನದ ಪುಟ.

ಇದೇ ಕಾಲದಲ್ಲಿ ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ ಅವರು ಮಕ್ಕಳಿಗಾಗಿ ಸಿದ್ಧಪಡಿಸಿದ ಸಚಿತ್ರ ಬೈಬಲ್ ಕಥೆಗಳು ಮಿಷನ್ನುಗಳ ಮೂಲಕ ಜಗತ್ತಿನ ಹಲವಾರು ಭಾಷೆಗಳಿಗೆ ಹೋದುವು. ಒಂದೇ ಚಿತ್ರದ ಅಚ್ಚು, ಕೆಳಗಿನ ಮಾತು ಮಾತ್ರ ಆಯಾ ಭಾಷೆಯದು. ಬಾರ್ತ್ ಅವರ ಬಳಿಕ ಆ ಪ್ರಕಾಶನದ ಹೊಣೆ ಹೊತ್ತವರು ಮಲಬಾರಿನಲ್ಲಿ ದುಡಿದು ಹಿಂತಿರುಗಿದ್ದ ಹರ್ಮನ್ ಗುಂಡರ್ಟ್. ಅಜ್ಜಿಯ ಟ್ರಂಕಿನಲ್ಲಿದ್ದ ಹೊತ್ತಗೆ ಯಾವ ಮುದ್ರಣಾಲಯದ್ದೇ ಆಗಿರಲಿ, ಇಂಥ ಪರಂಪರೆಯ ದೂರದ ಸಂತತಿಯೇ.

ಮಂಗಳೂರಿನ ಆ ಮುದ್ರಣಾಲಯ ಮುಂದೆ ಮೊಳೆಯ ಮುದ್ರಣಕ್ಕೆ ತಿರುಗಿತು. 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ 1,700ಕ್ಕೂ ಹೆಚ್ಚು ಪುಟಗಳ ನಿಘಂಟನ್ನು ಹೊರತಂದಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧಿತರಾದರು, ಸಂಸ್ಥೆಯ ಒಡೆತನ ಕೈಬದಲಾಯಿತು. ಕಲ್ಲಚ್ಚಿನ ಆ ಕಾಲ ಇಂದಿಲ್ಲ. ಆದರೆ ಅದರ ಪುಸ್ತಕಗಳು ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ, ಬಾಸೆಲಿನಲ್ಲಿ, ಟ್ಯೂಬಿಂಗೆನ್ನಿನಲ್ಲಿ ಉಳಿದಿವೆ. ಒಂದೇ ಕಡೆ ಇದ್ದಿದ್ದರೆ ಒಂದು ಯುದ್ಧ ಸಾಕಾಗುತ್ತಿತ್ತು.

ಪರದೆಯ ಕಾಲ

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ದಾಟುವಿಕೆಯನ್ನು ನೋಡೋಣ. 1990ರ ದಶಕದಲ್ಲಿ ನಮ್ಮ ಧರ್ಮಕೇಂದ್ರಗಳ ಪತ್ರಿಕೆಗಳು, ಪೂಜಾವಿಧಿಯ ಅನುವಾದಗಳು, ಧರ್ಮೋಪದೇಶದ ಪಾಠಗಳು, ಗುರುವಿದ್ಯಾರ್ಥಿಗಳ ಪ್ರಬಂಧಗಳು ಕಂಪ್ಯೂಟರಿನಲ್ಲಿ ಅಕ್ಷರಜೋಡಣೆಗೊಳ್ಳತೊಡಗಿದುವು. ಆಗ ಬಳಕೆಯಲ್ಲಿದ್ದ ಕನ್ನಡ ತಂತ್ರಾಂಶಗಳು ಒಂದು ಉಪಾಯ ಮಾಡಿದ್ದವು: ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳ ಆಕಾರಗಳನ್ನು ಇಟ್ಟಿದ್ದವು. ಆ ಫಾಂಟ್ ಇರುವವರೆಗೆ ಪುಟ ಕನ್ನಡ. ಅದಿಲ್ಲದ ಕಂಪ್ಯೂಟರಿನಲ್ಲಿ ಅದೇ ಪುಟ ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಂದು ತಂತ್ರಾಂಶದ ಸಂಕೇತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕನ್ನಡ ಅಕ್ಷರಗಳಿಗೆ ಜಗತ್ತಿನಾದ್ಯಂತ ಒಂದೇ ಸಂಕೇತ ನೀಡುವ ಯೂನಿಕೋಡ್ 1991ರಲ್ಲಿಯೇ ಬಂದಿತ್ತು. ಆದರೆ ಪುಟವಿನ್ಯಾಸದ ತಂತ್ರಾಂಶಗಳು ಅದನ್ನು ಅರಗಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ನಡುವಣ ಆ ವರ್ಷಗಳಲ್ಲಿ ನಾವು ಬರೆದದ್ದು ಬಹುಮಟ್ಟಿಗೆ ಹಳೆಯ ಸಂಕೇತಗಳಲ್ಲಿಯೇ ಉಳಿದಿದೆ.

ನನ್ನ ಗುರುಮಠದ ದಿನಗಳಲ್ಲಿ ಕನ್ನಡದಲ್ಲಿ ಸಿದ್ಧಪಡಿಸಿದ್ದ ಸಂಸ್ಕಾರಗಳ ಕುರಿತ ಟಿಪ್ಪಣಿಗಳನ್ನು ಇತ್ತೀಚೆಗೆ ಪಾಠಕ್ಕಾಗಿ ತೆರೆಯಲು ಹೋದೆ. ಕಡತ ತೆರೆಯಿತು. ಒಂದು ಅಕ್ಷರವೂ ಕೆಟ್ಟಿರಲಿಲ್ಲ, ಒಂದು ಅಕ್ಷರವನ್ನೂ ಓದಲಾಗಲಿಲ್ಲ. ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತ ಕುರುಬನ ಸ್ಥಿತಿ ನನ್ನದಾಯಿತು. ಒಂದೇ ವ್ಯತ್ಯಾಸ: ಆ ಬಂಡೆ ಮೌನವಾಗಲು ಶತಮಾನಗಳು ಬೇಕಾದುವು, ನನ್ನ ಬರಹಕ್ಕೆ ಇಪ್ಪತ್ತು ವರ್ಷ ಸಾಕಾಯಿತು.

ಚಿತ್ರವುಳ್ಳ ಪುಸ್ತಕಗಳ ಗತಿ ಇನ್ನೂ ಕಷ್ಟದ್ದು. ಮಕ್ಕಳಿಗಾಗಿ ಸಿಡಿಗಳಲ್ಲಿ ಬಂದ, ಅಂತರಜಾಲದಲ್ಲಿ ಬೆಳೆದ ಚಲಿಸುವ ಚಿತ್ರಕಥೆಗಳಲ್ಲಿ ಬಹುಪಾಲು ಫ್ಲಾಶ್ ಎಂಬ ತಂತ್ರಾಂಶವನ್ನು ನೆಚ್ಚಿದ್ದವು. ಅದನ್ನು ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಅದರೊಡನೆ ಒಂದು ತಲೆಮಾರಿನ ಸಚಿತ್ರ ಓದು ಸಾಮಾನ್ಯ ಬಳಕೆದಾರನಿಗೆ ಮುಚ್ಚಿಹೋಯಿತು. ಇಂದಿನ ಸಚಿತ್ರ ಡಿಜಿಟಲ್ ಪುಸ್ತಕಗಳಲ್ಲಿ ಚಿತ್ರ ಮತ್ತು ಅಕ್ಷರ ಎರಡನ್ನೂ ಒಂದೇ ಚಿತ್ರವಾಗಿ ಬೆಸೆದುಬಿಡುವ ರೂಢಿಯಿದೆ. ಪುಟ ಅಂದವಾಗಿ ಕಾಣುತ್ತದೆ. ಆದರೆ ಸಣ್ಣ ಮೊಬೈಲಿನಲ್ಲಿ ಅಕ್ಷರ ಹಿಗ್ಗದು, ಹುಡುಕಿದರೆ ಪದ ಸಿಗದು, ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಅಕ್ಷರವೇ ಕಾಣದು. ಕಲ್ಲಚ್ಚಿಗಿದ್ದ ಶಕ್ತಿಯೂ ಮಿತಿಯೂ ಹೊಸ ರೂಪದಲ್ಲಿ ಮರಳಿವೆ.

ಇವೆಲ್ಲ ಹಿಂದಿನ ಅಪಾಯಗಳ ಹೊಸ ರೂಪಗಳು. ಆದರೆ ಒಂದು ಅಪಾಯ ನಿಜಕ್ಕೂ ಹೊಸದು. ಕಾಗದದ ಪುಸ್ತಕವನ್ನು ಕೊಂಡವನು ಅದರ ಒಡೆಯ: ಎರವಲು ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಡಿಜಿಟಲ್ ಪುಸ್ತಕವನ್ನು ‘ಕೊಂಡವನು’ ಬಹುಮಟ್ಟಿಗೆ ಓದುವ ಅನುಮತಿಯನ್ನು ಮಾತ್ರ ಪಡೆದಿರುತ್ತಾನೆ. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕುಸ್ವಾಮ್ಯದ ಗೊಂದಲದಿಂದಾಗಿ ಜಾರ್ಜ್ ಆರ್ವೆಲ್‌ನ ಕೃತಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಹಿಂದಿರುಗಿತು, ಪುಸ್ತಕಗಳು ಹೋದುವು. ನಮ್ಮ ಗುರುಮಠಗಳ ಗ್ರಂಥಾಲಯಗಳು ಬೆಳೆದದ್ದು ಹೇಗೆಂದು ನೆನೆಯಿರಿ. ಗುರುಗಳೊಬ್ಬರು ತೀರಿಕೊಂಡಾಗ ಅವರ ಪುಸ್ತಕಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಅಂಚಿನಲ್ಲಿ ಅವರು ಬರೆದ ಟಿಪ್ಪಣಿಗಳು, ನಡುವೆ ಸಿಕ್ಕಿಸಿದ ಪ್ರಸಂಗದ ಚೀಟಿಗಳು ಸಮೇತ. ಇತ್ತೀಚೆಗೆ ನಿಧನರಾದ ಹಿರಿಯರೊಬ್ಬರ ಕೋಣೆಯಿಂದ ಬಂದದ್ದು ಎರಡು ಪೆಟ್ಟಿಗೆ ಪುಸ್ತಕ, ಮತ್ತು ಗುಪ್ತಪದ ಗೊತ್ತಿಲ್ಲದ ಒಂದು ಟ್ಯಾಬ್ಲೆಟ್. ಕೊನೆಯ ಹತ್ತು ವರ್ಷಗಳಲ್ಲಿ ಅವರು ಓದಿದ್ದೇನೆಂಬುದು ನಮಗೆ ಇನ್ನು ತಿಳಿಯುವಂತಿಲ್ಲ.

ಹಾಗೆಂದು ಪರದೆಯನ್ನು ದೂರುವುದು ನ್ಯಾಯವಲ್ಲ. 4ನೆಯ ಶತಮಾನದ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನೈಟಿಕಸ್‌ನ ಹಾಳೆಗಳು ಲಂಡನ್, ಲೈಪ್ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್ ಬೆಟ್ಟದ ಮಠಗಳಲ್ಲಿ ಚದುರಿಹೋಗಿದ್ದವು. 2009ರಲ್ಲಿ ಅವು ಮೊದಲ ಬಾರಿಗೆ ಒಂದೆಡೆ ಸೇರಿದ್ದು ಪರದೆಯ ಮೇಲೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಗುಂಡರ್ಟ್ ಸಂಗ್ರಹವನ್ನು 2018ರಲ್ಲಿ ಅಂತರಜಾಲದಲ್ಲಿ ತೆರೆದಿಟ್ಟಿತು. ಹೊಳಲ್ಕೆರೆಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬ ಇಂದು ಮಂಗಳೂರಿನ ಹಳೆಯ ಅಚ್ಚುಗಳನ್ನು ಓದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುನ್ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಅಸಂಖ್ಯ ಕನ್ನಡ ಪುಸ್ತಕಗಳ ಪುಟಗಳು ಸ್ಕ್ಯಾನ್ ಆದುವು. ಆ ಜಾಲತಾಣ ಮುಂದೆ ಮುಚ್ಚಿತು. ಆದರೆ ಅಷ್ಟರಲ್ಲಿ ಅವುಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ಗೆ ಸೇರಿದ್ದರಿಂದ ಇಂದಿಗೂ ಓದಲು ಸಿಗುತ್ತವೆ. ಕ್ರಿಸ್ತಪುರಾಣದ ಕಥೆಯೇ ಮತ್ತೆ ನಡೆಯಿತು: ಮೂಲ ಹೋಯಿತು, ಪ್ರತಿಮಾಡಿದವರಿಂದ ಗ್ರಂಥ ಉಳಿಯಿತು. ಬಹುದೊಡ್ಡ ಸಂಸ್ಥೆಯನ್ನೊಂದೇ ನೆಚ್ಚಲಾಗದು ಎಂಬುದಕ್ಕೂ ನಿದರ್ಶನವಿದೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದಾಳಿಯಾದಾಗ ಅಲ್ಲಿಯ ಡಿಜಿಟಲ್ ಹಸ್ತಪ್ರತಿಗಳು ದೀರ್ಘಕಾಲ ಯಾರಿಗೂ ದೊರೆಯದಾದುವು. ಚರ್ಮದ ಹಾಳೆಗಳು ಮಾತ್ರ ಕಪಾಟಿನಲ್ಲಿ ಮೊದಲಿನಂತೆಯೇ ಇದ್ದವು.

ಪರಂಪರೆ ಎಂಬ ಕೆಲಸ

ದೈವಶಾಸ್ತ್ರದಲ್ಲಿ ನಾವು ಪರಂಪರೆ ಎಂದು ಕರೆಯುವ ಪದದ ಲತೀನ್ ಮೂಲಕ್ಕೆ ಕೈಯಿಂದ ಕೈಗೆ ದಾಟಿಸುವುದು ಎಂಬ ಅರ್ಥವಿದೆ. ಅದು ಕಪಾಟಿನಲ್ಲಿರುವ ವಸ್ತುವಲ್ಲ, ನಡೆಯುತ್ತಿರಬೇಕಾದ ಕ್ರಿಯೆ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ಇದನ್ನು ಕಥೆಯಾಗಿ ಹೇಳುತ್ತದೆ. ಪ್ರವಾದಿ ಹೇಳಿದುದನ್ನು ಬಾರೂಕನು ಸುರುಳಿಯಲ್ಲಿ ಬರೆದ. ಅರಸ ಯೆಹೋಯಾಕೀಮನು ಓದಿಸಿ ಕೇಳುತ್ತ, ಓದಿದಷ್ಟನ್ನು ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದ. ಸುರುಳಿ ಪೂರ್ತಿ ಸುಟ್ಟಿತು. ಯೆರೆಮೀಯನು ಬೇರೊಂದು ಸುರುಳಿ ತೆಗೆದುಕೊಂಡ. ಬಾರೂಕನು ಮತ್ತೆ ಬರೆದ, ಹಿಂದಿಲ್ಲದ ಮಾತುಗಳೂ ಸೇರಿದವು. ನಾವು ಇಂದು ಓದುತ್ತಿರುವುದು ಎರಡನೆಯ ಪ್ರತಿಯ ಪರಂಪರೆಯನ್ನು. ದೇವರ ವಾಕ್ಯ ಅವಿನಾಶಿ ಎಂದು ನಾವು ವಿಶ್ವಾಸಿಸುತ್ತೇವೆ. ಆದರೆ ಅದನ್ನು ಬರೆದ ಸುರುಳಿಯನ್ನು ಪವಾಡವೊಂದು ಕಾಪಾಡಲಿಲ್ಲ. ಬಾರೂಕನು ಎರಡನೆಯ ಬಾರಿ ಕುಳಿತು ಬರೆಯಬೇಕಾಯಿತು.

ಚಿತ್ರಗಳ ವಿಷಯದಲ್ಲಿಯೂ ಪರಂಪರೆ ಸ್ಪಷ್ಟವಾಗಿದೆ. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಲ್ಸ್‌ನ ಬಿಷಪ್ ಸೆರೇನುಸ್ ತನ್ನ ದೇವಾಲಯದ ಚಿತ್ರಗಳನ್ನು ಒಡೆಸಿದಾಗ ವಿಶ್ವಗುರು ಮಹಾ ಗ್ರೆಗೋರಿ ಅವರು ಪತ್ರ ಬರೆದು ತಿದ್ದಿದರು: ಚಿತ್ರಗಳನ್ನು ಆರಾಧಿಸಲಾಗದು, ಆದರೆ ಅಕ್ಷರ ಬಾರದವರು ಓದುವ ಗ್ರಂಥ ಅವು. ಹಾಗಿದ್ದಲ್ಲಿ ಸಚಿತ್ರ ಪುಸ್ತಕದ ಚಿತ್ರವನ್ನು ಕಳೆದುಕೊಳ್ಳುವುದು ಅಲಂಕಾರವನ್ನು ಕಳೆದುಕೊಂಡಂತಲ್ಲ, ಪಠ್ಯವನ್ನೇ ಕಳೆದುಕೊಂಡಂತೆ.

ಹೀಗಾಗಿ ಡಿಜಿಟಲ್ ಪುಸ್ತಕದ ಭವಿಷ್ಯ ಏನು ಎಂಬ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಇಷ್ಟು: ಅದನ್ನು ಯಾರು ಓದುತ್ತಾರೆ, ಯಾರು ಪ್ರತಿಮಾಡುತ್ತಾರೆ ಎಂಬುದನ್ನು ತಿಳಿಯದೆ ಹೇಳಲಾಗದು. ನಮ್ಮ ಕೈಮೀರಿದ ಸಂಗತಿಗಳು ಅನೇಕ. ಆದರೆ ಒಂದು ಗುರುಮಠ ಮಾಡಬಹುದಾದ ಕೆಲಸಗಳೂ ಇವೆ, ಮತ್ತು ಅವಕ್ಕೆ ದೊಡ್ಡ ಹಣ ಬೇಕಿಲ್ಲ. ಹಳೆಯ ಸಂಕೇತಗಳಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತುಗಳು ತಪ್ಪಾಗಿ ಕೂರುವುದರಿಂದ ಮನುಷ್ಯರ ಕಣ್ಣು ಅದನ್ನು ಸಾಲುಸಾಲಾಗಿ ಓದಿ ತಿದ್ದಬೇಕು. ಗುರುವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಕನ್ನಡ ದೈವಶಾಸ್ತ್ರದ ಅಭ್ಯಾಸ ಇನ್ನೊಂದಿಲ್ಲ. ಅಂದವಾದ ಪುಟದ ಪ್ರತಿಯೊಡನೆ ಸರಳ ಪಠ್ಯವನ್ನೂ, ಚಿತ್ರಗಳನ್ನು ಪ್ರತ್ಯೇಕವಾಗಿ, ಕಲಾವಿದರ ಹೆಸರು, ವರ್ಷ, ಅನುಮತಿಯ ವಿವರ, ಚಿತ್ರದಲ್ಲೇನಿದೆ ಎಂಬ ಎರಡು ಸಾಲುಗಳೊಡನೆ ಇಡಬೇಕು. ಸೆರಾಂಪುರದ ಉಕ್ಕಿನ ಅಚ್ಚುಗಳಿಗೆ ಸಮಾನವಾದದ್ದು ಇದೇ. ಪ್ರತಿಗಳು ಕನಿಷ್ಠ ಮೂರು ಬೇರೆ ಊರುಗಳಲ್ಲಿರಬೇಕು. ಮುಖ್ಯವಾದದ್ದರ ಒಂದು ಪ್ರತಿ ಒಳ್ಳೆಯ ಕಾಗದದ ಮೇಲಿರಬೇಕು. ನಮ್ಮ ಲೇಖಕರು ತಮ್ಮ ಕೃತಿಗಳನ್ನು ಪ್ರತಿಮಾಡಿ ಹಂಚಲು ಬರಹದ ಮೂಲಕವೇ ಅನುಮತಿ ಕೊಟ್ಟುಹೋಗಬೇಕು, ಏಕೆಂದರೆ ಭಾರತದ ಕಾಯಿದೆಯಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ವಾರಸುದಾರರು ಸಿಗದ ಪುಸ್ತಕವನ್ನು ಉಳಿಸಲು ಬಯಸುವವರೂ ಕೈಕಟ್ಟಿ ಕೂರಬೇಕಾಗುತ್ತದೆ.

ಹೊರಕೆರೆದೇವಪುರದ ಕಡೆಯ ಆ ಮನೆಗೆ ಮರಳುತ್ತೇನೆ. ಪುನರುತ್ಥಾನದ ಪುಟಗಳು ಹೋಗಿ ಎಷ್ಟು ಕಾಲವಾಯಿತೆಂದು ಕೇಳಿದಾಗ ಅಜ್ಜಿ, ತನ್ನ ಮಗ ಚಿಕ್ಕವನಿದ್ದಾಗಲೇ ಹೋದವು ಎಂದರು. ‘ಹಂಗಾರೆ ಆ ಕಥೆ ಹೆಂಗೆ ಹೇಳ್ತಿದ್ರಿ ಅಜ್ಜಿ?’ ಎಂದೆ. ‘ಪುಟ ಹೋದ್ರೆ ಕಥೆ ಹೋಗ್ತದಾ ಸ್ವಾಮಿ?’ ಎಂದು ಹೇಳಿ, ವಾರದ ಮೊದಲ ದಿನ ನಸುಕಿನಲ್ಲಿ ಹೆಂಗಸರು ಗೋರಿಗೆ ಹೊರಟದ್ದರಿಂದ ಹಿಡಿದು ಎಮ್ಮಾವುಸಿನ ದಾರಿಯವರೆಗೆ, ಆ ಪುಸ್ತಕದ್ದೇ ಎಂದು ತೋರುವ ಹಳೆಯ ಶೈಲಿಯ ಮಾತುಗಳಲ್ಲಿ, ನಿಲ್ಲಿಸದೆ ಹೇಳಿದರು. ಅದನ್ನು ಬರೆದಿಟ್ಟುಕೊಳ್ಳುವಂತೆ ಮೊಮ್ಮಗಳಿಗೆ ಹೇಳಿ ಬಂದೆ. ಮುಂದಿನ ಭೇಟಿಯಲ್ಲಿ ಶಾಲೆಯ ನೋಟುಪುಸ್ತಕದ ನಾಲ್ಕು ಹಾಳೆಗಳು ಆ ಹೊತ್ತಗೆಯ ಕೊನೆಗೆ ಹೊಲಿದಿದ್ದವು. ಕೊನೆಯ ಹಾಳೆಯಲ್ಲಿ, ಉರುಳಿಸಿದ ಕಲ್ಲಿನ ಪಕ್ಕದಲ್ಲಿ, ಬಣ್ಣದ ಪೆನ್ಸಿಲಿನಿಂದ ಬಿಡಿಸಿದ ಒಂದು ಚಿತ್ರವೂ ಇತ್ತು. ನಾನು ಎಲ್ಲ ಪುಟಗಳನ್ನೂ, ಆ ನಾಲ್ಕನ್ನೂ ಸೇರಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ಈ ಪತ್ರಿಕೆಯ ವಾಚಕರ ಮನೆಗಳಲ್ಲಿ, ಧರ್ಮಕೇಂದ್ರಗಳ ಹಳೆಯ ಕಪಾಟುಗಳಲ್ಲಿ ಇಂಥ ಸಚಿತ್ರ ಹೊತ್ತಗೆಗಳಿದ್ದರೆ, ಪೂರ್ತಿಯಾಗಿರಲಿ ಹರಿದಿರಲಿ, ಎಸೆಯುವ ಮುನ್ನ ಒಂದು ಪ್ರತಿ ಮಾಡಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.